ಕಣ್ಣಿನ ಹೊರಗೋಡೆಯ ಪೆಡಸುತನ: ಅದನ್ನು ಅಳೆಯುವ ಬಗೆ

ನಲವತ್ತು ದಾಟಿದ ಓದುಗರಲ್ಲಿ ಹೆಚ್ಚಿನವರು ಕಣ್ಣಿನ ಆಸ್ಪತ್ರೆಯಲ್ಲಿ ಒಂದು ಯಂತ್ರದ ಮುಂದೆ ಗಲ್ಲವೂರಿ ಕುಳಿತವರೇ ಆಗಿರುತ್ತಾರೆ. ಎದುರಿನ ಚುಕ್ಕೆಯನ್ನು ನೋಡಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಗಾಳಿಯ ಸಣ್ಣ ಹೊಡೆತವೊಂದು ಕಣ್ಣಿಗೆ ತಗಲುತ್ತದೆ, ರೆಪ್ಪೆ ತಾನಾಗಿ ಮುಚ್ಚುತ್ತದೆ, ಚೀಟಿಯ ಮೇಲೆ ಒಂದು ಸಂಖ್ಯೆ ಅಚ್ಚಾಗಿ ಬರುತ್ತದೆ. ಹದಿನಾರು ಎಂದೋ ಹದಿನೆಂಟು ಎಂದೋ ಇರುವ ಆ ಸಂಖ್ಯೆಯನ್ನು ವೈದ್ಯರು ‘ಕಣ್ಣಿನ ಒತ್ತಡ’ ಎಂದು ಕರೆಯುತ್ತಾರೆ. ಅದು ಸಹಜ ಮಿತಿಯಲ್ಲಿದ್ದರೆ ನಾವೆಲ್ಲರೂ ನಿಶ್ಚಿಂತೆಯಿಂದ ಮನೆಗೆ ಮರಳುತ್ತೇವೆ.

ಆದರೆ ಆ ಗಾಳಿ ತಳ್ಳಿದ್ದು ಕಣ್ಣಿನೊಳಗಿನ ದ್ರವವನ್ನಲ್ಲ, ದ್ರವವನ್ನು ಹಿಡಿದಿಟ್ಟಿರುವ ಗೋಡೆಯನ್ನು. ಗೋಡೆ ದಪ್ಪವಾಗಿ ಪೆಡಸಾಗಿದ್ದರೆ ಅದನ್ನು ಒತ್ತಲು ಹೆಚ್ಚು ಬಲ ಬೇಕು, ಸಂಖ್ಯೆ ಇದ್ದುದಕ್ಕಿಂತ ಮೇಲಕ್ಕೆ ಹೋಗುತ್ತದೆ. ಗೋಡೆ ಮೆತುವಾಗಿದ್ದರೆ ಸಂಖ್ಯೆ ಇಳಿಯುತ್ತದೆ. ಒಳಗಿನ ಒತ್ತಡವನ್ನು ಸರಿಯಾಗಿ ತಿಳಿಯಬೇಕಾದರೆ ಗೋಡೆಯ ಪೆಡಸುತನವನ್ನು ತಿಳಿಯಬೇಕು. ಗೋಡೆಯ ಪೆಡಸುತನವನ್ನು ತಿಳಿಯಬೇಕಾದರೆ ಒಳಗಿನ ಒತ್ತಡ ಗೊತ್ತಿರಬೇಕು. ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನೇತ್ರವಿಜ್ಞಾನಿಗಳು ಬಿಡಿಸುತ್ತ ಬಂದಿರುವ ಗಂಟು ಇದು. ನಾವು ವಿಜ್ಞಾನ ಓದಿದವರಲ್ಲ. ಕಲಾ ವಿಭಾಗದ ಪದವಿ ಪಡೆದು ಬ್ಯಾಂಕಿನ ಲೆಕ್ಕದಲ್ಲಿ ವಯಸ್ಸು ಕಳೆದವರು. ಆದರೂ ನಮ್ಮ ಮನೆಗಳ ಮಕ್ಕಳು ಕನ್ನಡಕ ಬಿಡಬೇಕೆಂದು ಲೇಸರ್ ಚಿಕಿತ್ಸೆಗೆ ಹೊರಡುವ, ಹಿರಿಯರು ಗ್ಲಾಕೋಮಾದ ಹನಿಗಳನ್ನು ದಿನವೂ ಹಾಕಿಕೊಳ್ಳುವ ಈ ಕಾಲದಲ್ಲಿ ಈ ವಿಷಯವನ್ನು ಕನ್ನಡದಲ್ಲಿ ಒಂದೆಡೆ ಬರೆದಿಡುವುದು ಉಪಯುಕ್ತವೆಂದು ಭಾವಿಸಿದ್ದೇವೆ.

ಗೋಡೆಯ ರಚನೆ

ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ವ್ಯಾಸದ ಗೋಳ. ಅದರ ಹೊರಗೋಡೆಯ ಆರರಲ್ಲಿ ಐದು ಭಾಗ ಬಿಳಿಯ ಶ್ವೇತಪಟಲ; ಮುಂದಿನ ಉಳಿದ ಒಂದು ಭಾಗ ಗಾಜಿನಂತೆ ತಿಳಿಯಾದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ. ಬಣ್ಣದಲ್ಲಿ ಇಷ್ಟು ಭೇದವಿದ್ದರೂ ಎರಡರ ಕಚ್ಚಾವಸ್ತು ಒಂದೇ: ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಕಾರ್ನಿಯಾದಲ್ಲಿ ಈ ಎಳೆಗಳು ಒಂದೇ ಗಾತ್ರದವಾಗಿ, ಸಮಾನ ಅಂತರದಲ್ಲಿ, ಪದರ ಪದರವಾಗಿ ಅಚ್ಚುಕಟ್ಟಾಗಿ ಕೂತಿರುವುದರಿಂದ ಬೆಳಕು ಅದರ ಮೂಲಕ ಹಾದುಹೋಗುತ್ತದೆ. ಶ್ವೇತಪಟಲದಲ್ಲಿ ದಪ್ಪ, ಸಣ್ಣ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುವುದರಿಂದ ಬೆಳಕು ಚದುರಿ ಬಿಳಿಯಾಗಿ ಕಾಣುತ್ತದೆ.

ದಪ್ಪವೂ ಎಲ್ಲೆಡೆ ಒಂದೇ ಸಮನಲ್ಲ. ಕಾರ್ನಿಯಾ ನಡುವಿನಲ್ಲಿ ಸುಮಾರು 0.54 ಮಿ.ಮೀ., ಅಂಚಿನಲ್ಲಿ ಇನ್ನೂ ದಪ್ಪ. ಶ್ವೇತಪಟಲ ಕಣ್ಣಿನ ಹಿಂಭಾಗದಲ್ಲಿ ಸುಮಾರು 1 ಮಿ.ಮೀ. ಇದ್ದರೆ, ಕಣ್ಣನ್ನು ತಿರುಗಿಸುವ ಸ್ನಾಯುಗಳು ಅಂಟಿಕೊಳ್ಳುವ ಜಾಗದ ಹಿಂದೆ ಕೇವಲ 0.3 ಮಿ.ಮೀ. ಮಾತ್ರ. ಎಳೆಗಳ ದಿಕ್ಕಿಗೂ ಒಂದು ಕ್ರಮವಿದೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಕೀತ್ ಮೀಕ್ ಮತ್ತು ಸಹೋದ್ಯೋಗಿಗಳು ಕ್ಷ-ಕಿರಣಗಳ ಚದುರುವಿಕೆಯಿಂದ ಕಂಡುಕೊಂಡ ಪ್ರಕಾರ ಕಾರ್ನಿಯಾದ ನಡುವೆ ಎಳೆಗಳು ಮುಖ್ಯವಾಗಿ ಮೇಲೆ-ಕೆಳಗೆ ಮತ್ತು ಅಕ್ಕ-ಪಕ್ಕ ಹರಿಯುತ್ತವೆ. ಕಾರ್ನಿಯಾ ಶ್ವೇತಪಟಲವನ್ನು ಸೇರುವ ಅಂಚಿನಲ್ಲಿ ಬಳೆಯಂತೆ ಸುತ್ತುತ್ತವೆ. ಹಿಂದೆ ದೃಷ್ಟಿನರ ಹೊರಬೀಳುವ ರಂಧ್ರದ ಸುತ್ತಲೂ ಅಂಥದೇ ಒಂದು ಬಳೆಯಿದೆ. ಬಟ್ಟೆಗೆ ಕಾಜಾ ಹೊಲಿಯುವಾಗ ತೂತಿನ ಅಂಚನ್ನು ದಾರದಿಂದ ಸುತ್ತುವರಿದು ಭದ್ರಪಡಿಸುವಂತೆ, ಬಲ ಎಲ್ಲಿ ಹೆಚ್ಚು ಬೀಳುವುದೋ ಅಲ್ಲಿ ಪ್ರಕೃತಿ ಎಳೆಗಳನ್ನು ಸುತ್ತಿದೆ.

ಪೆಡಸು ಎಂದರೆ ಯಾವುದು?

ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸದಿದ್ದರೆ ಮುಂದಿನದೆಲ್ಲ ಗೊಂದಲವಾಗುತ್ತದೆ. ಒಂದು, ವಸ್ತುವಿನ ಪೆಡಸುತನ. ಇನ್ನೊಂದು, ಆ ವಸ್ತುವಿನಿಂದ ಮಾಡಿದ ಪಾತ್ರೆಯ ಪೆಡಸುತನ. ತೆಳು ತಗಡು ಬೆರಳಿಗೆ ಬಾಗುತ್ತದೆ, ಅದೇ ಲೋಹದ ದಪ್ಪ ಹಲಗೆ ಬಾಗದು. ಲೋಹ ಒಂದೇ, ನಡವಳಿಕೆ ಬೇರೆ. ವಸ್ತುವಿನ ಗುಣವನ್ನು ಭೌತವಿಜ್ಞಾನಿಗಳು ಯಂಗ್ ಗುಣಾಂಕದಿಂದ ಹೇಳುತ್ತಾರೆ: ಒಂದು ಪಟ್ಟಿಯನ್ನು ಇಂತಿಷ್ಟು ಪಾಲು ಉದ್ದವಾಗಿಸಲು ಅದರ ಅಡ್ಡಕೊಯ್ತದ ಪ್ರತಿ ಚದರಕ್ಕೆ ಎಷ್ಟು ಬಲ ಬೇಕು ಎಂಬುದು ಅದರ ಸಾರ. ಇಡೀ ಕಣ್ಣಿನ ಗುಣವನ್ನು ಹೇಳಲು ಬೇರೆಯೇ ಅಳತೆಯಿದೆ: ಒಳಗೆ ಇಷ್ಟು ದ್ರವವನ್ನು ಹೆಚ್ಚಿಸಿದರೆ ಒತ್ತಡ ಎಷ್ಟು ಏರುತ್ತದೆ ಎಂಬುದು. ಇದಕ್ಕೆ ‘ನೇತ್ರದ ಬಿಗುಪು’ ಎಂಬ ಹೆಸರನ್ನು ಇಲ್ಲಿ ಬಳಸೋಣ. ಬಿಗುಪಿನಲ್ಲಿ ವಸ್ತುವಿನ ಪೆಡಸುತನ, ಗೋಡೆಯ ದಪ್ಪ, ಕಣ್ಣಿನ ಗಾತ್ರ ಮೂರೂ ಕೂಡಿಕೊಂಡಿರುತ್ತವೆ. ತೀವ್ರ ಸಮೀಪದೃಷ್ಟಿಯವರ ಕಣ್ಣು ಉದ್ದವಾಗಿ ದೊಡ್ಡದಾಗಿರುವುದರಿಂದಲೂ, ಗೋಡೆ ತೆಳುವಾಗಿರುವುದರಿಂದಲೂ ಅವರ ಕಣ್ಣಿನ ಬಿಗುಪು ಸಾಮಾನ್ಯವಾಗಿ ಕಡಿಮೆ. ಅಷ್ಟರಿಂದಲೇ ಅವರ ಕೊಲಾಜೆನ್ ಮೆತುವಾಗಿದೆ ಎಂದು ತೀರ್ಮಾನಿಸಲಾಗದು.

ಬೆರಳಿನಿಂದ ಫ್ರೀಡೆನ್‌ವಾಲ್ಡರವರೆಗೆ

ಹತ್ತೊಂಬತ್ತನೆಯ ಶತಮಾನದ ವೈದ್ಯರು ಮುಚ್ಚಿದ ರೆಪ್ಪೆಯ ಮೇಲೆ ಎರಡು ತೋರುಬೆರಳುಗಳನ್ನಿಟ್ಟು, ಒಂದರಿಂದ ಒತ್ತಿ ಇನ್ನೊಂದರಿಂದ ಕಣ್ಣಿನ ಗಡಸನ್ನು ಗ್ರಹಿಸುತ್ತಿದ್ದರು. ಮಾವಿನಹಣ್ಣನ್ನು ಒತ್ತಿ ನೋಡುವ ನಮ್ಮ ಹಿರಿಯರ ವಿದ್ಯೆಗೂ ಇದಕ್ಕೂ ಹೆಚ್ಚು ದೂರವಿಲ್ಲ. 1884ರಲ್ಲಿ ಕಾರ್ಲ್ ಕೊಲ್ಲರ್ ಕೊಕೇನ್ ಹನಿಗಳಿಂದ ಕಣ್ಣಿನ ಮೇಲ್ಮೈಯನ್ನು ಮರಗಟ್ಟಿಸಬಹುದೆಂದು ತೋರಿಸಿದ ಮೇಲೆ ಉಪಕರಣವನ್ನು ನೇರವಾಗಿ ಕಾರ್ನಿಯಾದ ಮೇಲೆ ಇಡುವ ದಾರಿ ತೆರೆಯಿತು.

1905ರಲ್ಲಿ ನಾರ್ವೆಯ ಹ್ಯಾಲ್ಮರ್ ಷಿಯೋಟ್ಸ್ ತಮ್ಮ ಉಪಕರಣವನ್ನು ಮುಂದಿಟ್ಟರು. ಮಲಗಿದ ರೋಗಿಯ ಕಾರ್ನಿಯಾದ ಮೇಲೆ ಬಟ್ಟಲಿನಂಥ ಪಾದವನ್ನಿಟ್ಟರೆ ಅದರ ನಡುವಿನ 3 ಮಿ.ಮೀ. ಅಗಲದ ಕಡ್ಡಿ 5.5 ಗ್ರಾಂ ತೂಕದಿಂದ ಕಾರ್ನಿಯಾವನ್ನು ಒಳಕ್ಕೆ ತಗ್ಗಿಸುತ್ತದೆ. ಎಷ್ಟು ತಗ್ಗಿತೆಂಬುದನ್ನು ಮುಳ್ಳು ತೋರಿಸುತ್ತದೆ. ಒಂದು ಗೀಟು ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಬೇಕಾದರೆ 7.5, 10 ಗ್ರಾಂ ತೂಕಗಳನ್ನೂ ಸೇರಿಸಬಹುದು. ವಿದ್ಯುತ್ತಿನ ಹಂಗಿಲ್ಲದ, ಜೇಬಿನಲ್ಲಿ ಒಯ್ಯಬಹುದಾದ ಈ ಉಪಕರಣ ನಮ್ಮ ದೇಶದ ನೇತ್ರ ಶಿಬಿರಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು.

ತೊಂದರೆ ಎಲ್ಲಿತ್ತೆಂದರೆ, ಕಡ್ಡಿ ಕಾರ್ನಿಯಾವನ್ನು ತಗ್ಗಿಸಿದಾಗ ಒಳಗಿನ ದ್ರವ ಪಕ್ಕಕ್ಕೆ ಸರಿಯಬೇಕು, ಅದಕ್ಕೆ ಜಾಗ ಕೊಡಲು ಶ್ವೇತಪಟಲ ಹಿಗ್ಗಬೇಕು. ಹಿಗ್ಗದ ಗೋಡೆಯಿದ್ದರೆ ಒತ್ತಡ ಥಟ್ಟನೆ ಏರಿ ಕಡ್ಡಿಯನ್ನು ತಡೆಯುತ್ತದೆ, ಉಪಕರಣ ಹೆಚ್ಚಿನ ಒತ್ತಡವನ್ನು ತೋರಿಸುತ್ತದೆ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಜೋನಾಸ್ ಫ್ರೀಡೆನ್‌ವಾಲ್ಡ್ 1937ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಒಳಗಿನ ಗಾತ್ರ ಸಮಸಮವಾಗಿ ಹೆಚ್ಚುತ್ತ ಹೋದರೆ ಒತ್ತಡದ ಲಾಗರಿದಮ್ ಸಮಸಮವಾಗಿ ಹೆಚ್ಚುತ್ತದೆ. ಆ ಹೆಚ್ಚಳದ ದರವೇ ಬಿಗುಪಿನ ಗುಣಾಂಕ. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಇದು ಅಪರಿಚಿತವಲ್ಲ. ಪ್ರತಿ ಮೈಕ್ರೋಲೀಟರ್ ದ್ರವವೂ ಇದ್ದ ಒತ್ತಡದ ಮೇಲೆ ಇಂತಿಷ್ಟು ಶೇಕಡಾ ಸೇರಿಸುತ್ತ ಹೋಗುತ್ತದೆ, ಅಷ್ಟೇ.

ಸಾಮಾನ್ಯ ಕಣ್ಣಿಗೆ ಈ ಗುಣಾಂಕ ಸರಾಸರಿ 0.0215 ಎಂದು ಅವರ ಪರಿಷ್ಕೃತ ಲೆಕ್ಕ. ಇದರ ಅರ್ಥವೇನೆಂದು ನಾವೇ ಲೆಕ್ಕ ಹಾಕಿ ನೋಡಿದೆವು. 15 ಮಿ.ಮೀ. ಪಾದರಸದ ಒತ್ತಡವಿರುವ ಕಣ್ಣಿಗೆ 10 ಮೈಕ್ರೋಲೀಟರ್ ದ್ರವ ಸೇರಿತೆನ್ನಿ. ಇದು ಔಷಧದ ಒಂದು ಹನಿಯ ಐದನೆಯ ಒಂದು ಪಾಲಿನಷ್ಟು, ಸುಮಾರು 6.5 ಮಿಲಿಲೀಟರ್ ಹಿಡಿಯುವ ಕಣ್ಣಿನ ಆರುನೂರೈವತ್ತರಲ್ಲಿ ಒಂದು ಪಾಲು. ಅಷ್ಟಕ್ಕೇ ಒತ್ತಡ 15ರಿಂದ ಸುಮಾರು 24.6ಕ್ಕೆ ಏರುತ್ತದೆ. ಗುಣಾಂಕ 0.015 ಇರುವ ಮೆತು ಕಣ್ಣಿನಲ್ಲಿ ಅದೇ ದ್ರವ ಒತ್ತಡವನ್ನು 21ರ ಆಸುಪಾಸಿಗೆ ಒಯ್ದರೆ, 0.030 ಇರುವ ಪೆಡಸು ಕಣ್ಣಿನಲ್ಲಿ 30ಕ್ಕೆ, ಅಂದರೆ ದುಪ್ಪಟ್ಟಿಗೆ ಒಯ್ಯುತ್ತದೆ. ಸಹಜ ಒತ್ತಡ 10ರಿಂದ 21 ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂತರದ ಗಂಭೀರತೆ ಮನದಟ್ಟಾದೀತು.

ಗುಣಾಂಕವನ್ನು ಕಂಡುಹಿಡಿಯುವ ಅವರ ಉಪಾಯ ಸರಳವಾಗಿತ್ತು. ಒಂದೇ ಕಣ್ಣನ್ನು 5.5 ಗ್ರಾಂ, 10 ಗ್ರಾಂ ಎರಡು ತೂಕಗಳಿಂದ ಅಳೆದು, ಎರಡು ಓದುಗಳನ್ನು ನಕ್ಷೆಯಲ್ಲಿ ಜೋಡಿಸಿದರೆ ರೇಖೆಯ ಓಟದಿಂದ ಬಿಗುಪು ದೊರೆಯುತ್ತಿತ್ತು. ಆದರೆ ಅವರ ಸೂತ್ರಕ್ಕೆ ಆಧಾರವಾದ ಅಳತೆಗಳಲ್ಲಿ ಬಹುಪಾಲು ಮೃತ ಕಣ್ಣುಗಳದು. ಜೀವಂತ ಕಣ್ಣಿನಲ್ಲಿ ಶ್ವೇತಪಟಲದ ಒಳಮೈಗೆ ಅಂಟಿಕೊಂಡು ರಕ್ತ ತುಂಬಿದ ಪದರವೊಂದಿದೆ. ಒತ್ತಡ ಏರಿದಂತೆ ಅಲ್ಲಿನ ರಕ್ತ ಹೊರಕ್ಕೆ ಹಿಂಡಲ್ಪಟ್ಟು ದ್ರವಕ್ಕೆ ಜಾಗ ಬಿಡುತ್ತದೆ. ಸೂತ್ರ ಹೇಳುವಷ್ಟು ವೇಗದಲ್ಲಿ ಜೀವಂತ ಕಣ್ಣಿನ ಒತ್ತಡ ಏರದಿರಲು ಇದೊಂದು ಕಾರಣ. 2005ರಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ಪಾಲಿಕಾರಿಸ್ ಮತ್ತು ಸಂಗಡಿಗರು ಪೊರೆಯ ಶಸ್ತ್ರಚಿಕಿತ್ಸೆಗೆ ಬಂದ 79 ಮಂದಿಯ ಕಣ್ಣಿಗೆ, ಅವರ ಒಪ್ಪಿಗೆಯ ಮೇರೆಗೆ, ಸೂಜಿಯ ಮೂಲಕ ಲವಣದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಒತ್ತಡವನ್ನು ನೇರವಾಗಿ ಅಳೆದರು. ವಯಸ್ಸು ಏರಿದಂತೆ ಬಿಗುಪು ಏರುತ್ತದೆಂದು ಅದರಿಂದ ತಿಳಿದುಬಂತು. ನಮ್ಮ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಅಳತೆ ಇದೇ, ಆದರೆ ಪ್ರತಿಯೊಬ್ಬರ ಕಣ್ಣಿಗೂ ಸೂಜಿ ಚುಚ್ಚಲಾಗದು.

ಗೋಲ್ಡ್‌ಮನ್‌ರ ಜಾಣ್ಮೆ

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹನ್ಸ್ ಗೋಲ್ಡ್‌ಮನ್ 1950ರ ದಶಕದಲ್ಲಿ ಗೋಡೆಯ ಪ್ರಶ್ನೆಯನ್ನು ಬಿಡಿಸುವ ಬದಲು ಪಕ್ಕಕ್ಕಿಟ್ಟರು. ಕಾರ್ನಿಯಾವನ್ನು ಕುಳಿ ಬೀಳುವಂತೆ ತಗ್ಗಿಸದೆ, ನಡುವಿನ 3.06 ಮಿ.ಮೀ. ವ್ಯಾಸದ ವೃತ್ತವನ್ನು ಮಾತ್ರ ಚಪ್ಪಟೆ ಮಾಡಿದರೆ ಸರಿಯುವ ದ್ರವ ಅತ್ಯಲ್ಪ. ಆದ್ದರಿಂದ ಶ್ವೇತಪಟಲದ ಬಿಗುಪು ಲೆಕ್ಕಕ್ಕೇ ಬಾರದು. ಆ ವ್ಯಾಸವನ್ನೇ ಆರಿಸಿದ್ದಕ್ಕೂ ಕಾರಣವಿದೆ. ಬಾಗಲು ಒಪ್ಪದ ಕಾರ್ನಿಯಾ ಉಪಕರಣವನ್ನು ಹೊರಕ್ಕೆ ತಳ್ಳುತ್ತದೆ, ಕಣ್ಣೀರಿನ ಪದರದ ಸೆಳೆತ ಒಳಕ್ಕೆ ಎಳೆಯುತ್ತದೆ. ಆ ಗಾತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದನ್ನೊಂದು ವಜಾ ಮಾಡುತ್ತವೆ. ಮೇಲಾಗಿ ಒಂದು ಗ್ರಾಂ ಬಲ ಹತ್ತು ಮಿ.ಮೀ. ಪಾದರಸಕ್ಕೆ ಸಮವಾಗುವುದರಿಂದ ಓದುವುದೂ ಸುಲಭ. ಇಂದಿಗೂ ಇದು ಒತ್ತಡದ ಅಳತೆಗಳಿಗೆ ಒರೆಗಲ್ಲು.

ಆದರೆ ಈ ವಜಾ ಲೆಕ್ಕ ಹೊಂದುವುದು ಕಾರ್ನಿಯಾದ ದಪ್ಪ ಸುಮಾರು 520 ಮೈಕ್ರೋಮೀಟರ್ ಇದ್ದಾಗ. ಜನರ ನಡುವೆ ದಪ್ಪ ಬಹಳ ಬೇರೆಬೇರೆಯಾಗುತ್ತದೆಂಬುದು ಮುಂದಿನ ದಶಕಗಳಲ್ಲಿ ಸ್ಪಷ್ಟವಾಯಿತು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು, ಒತ್ತಡ ಹೆಚ್ಚಿರುವವರಲ್ಲಿ ತೆಳು ಕಾರ್ನಿಯಾದವರಿಗೇ ಗ್ಲಾಕೋಮಾ ಬರುವ ಸಂಭವ ಹೆಚ್ಚೆಂದು ತೋರಿಸಿದ ಮೇಲೆ, ದಪ್ಪವನ್ನು ಅಳೆಯುವುದು ಎಲ್ಲೆಡೆ ರೂಢಿಗೆ ಬಂತು.

ಪ್ರಯೋಗಾಲಯದಲ್ಲಿ

ವಸ್ತುವಿನ ಪೆಡಸುತನವನ್ನು ನೇರವಾಗಿ ತಿಳಿಯಲು ಹಳೆಯ ದಾರಿಯೆಂದರೆ ದಾನದ ಕಣ್ಣಿನಿಂದ ಕೆಲವು ಮಿಲಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸಿ, ಎರಡು ತುದಿಗಳನ್ನು ಯಂತ್ರದ ಹಿಡಿಗಳಲ್ಲಿ ಸಿಕ್ಕಿಸಿ ಎಳೆಯುವುದು. ಬಲವನ್ನೂ ಹಿಗ್ಗನ್ನೂ ಗುರುತಿಸಿ ನಕ್ಷೆ ಬರೆದರೆ ನೇರ ಗೆರೆ ಬಾರದು. ಮೊದಲು ಮಂದವಾಗಿ ಏರಿ, ಆಮೇಲೆ ಕಡಿದಾಗಿ ಏರುವ ವಕ್ರರೇಖೆ ಬರುತ್ತದೆ. ವಿಶ್ರಾಂತ ಸ್ಥಿತಿಯಲ್ಲಿ ಕೊಲಾಜೆನ್ ಎಳೆಗಳು ಅಲೆಯಲೆಯಾಗಿ ಸುಕ್ಕುಗಟ್ಟಿರುತ್ತವೆ. ಕೈಹೆಣಿಗೆಯ ಉಣ್ಣೆಯ ಸ್ವೆಟರನ್ನು ಎಳೆದಾಗ ಮೊದಲು ಹೆಣಿಗೆ ನೇರವಾಗುವವರೆಗೆ ಸಲೀಸಾಗಿ ಹಿಗ್ಗಿ, ನಂತರ ದಾರದ ಬಿಗಿಯೇ ಕೈಗೆ ಸಿಗುವಂತೆ, ಸುಕ್ಕು ಬಿಚ್ಚಿಕೊಂಡ ಮೇಲೆ ಎಳೆಗಳ ನಿಜವಾದ ಬಲ ಪ್ರಕಟವಾಗುತ್ತದೆ. ಆದ್ದರಿಂದ ಕಣ್ಣಿನ ಗೋಡೆಗೆ ಒಂದೇ ಒಂದು ಪೆಡಸುತನದ ಸಂಖ್ಯೆಯಿಲ್ಲ. ಎಷ್ಟು ಹಿಗ್ಗಿನಲ್ಲಿ ಅಳೆದದ್ದು, ಎಷ್ಟು ವೇಗದಲ್ಲಿ ಎಳೆದದ್ದು ಎಂದು ಹೇಳದ ಸಂಖ್ಯೆಗೆ ಬೆಲೆಯಿಲ್ಲ. ತಾರೀಖಿಲ್ಲದ ಚೆಕ್ಕಿನಂತೆ ಅದು.

ಬೇರೆ ಬೇರೆ ಪ್ರಯೋಗಾಲಯಗಳು ಕಾರ್ನಿಯಾಕ್ಕೆ ಕೊಟ್ಟ ಗುಣಾಂಕಗಳ ನಡುವೆ ನೂರಾರು ಪಟ್ಟು ಅಂತರವಿರುವುದನ್ನು ಕಂಡು ನಾವು ಮೊದಲು ಬೆರಗಾದೆವು. ಕಾರಣಗಳನ್ನು ಓದಿದ ಮೇಲೆ ಬೆರಗು ಇಳಿಯಿತು. ಕಣ್ಣಿನಿಂದ ಬೇರ್ಪಟ್ಟ ಕಾರ್ನಿಯಾ ನೀರು ಹೀರಿ ಊದಿಕೊಳ್ಳುತ್ತದೆ. ಬಾಗಿದ ಗೋಡೆಯಿಂದ ಕತ್ತರಿಸಿದ ಪಟ್ಟಿಯನ್ನು ನೇರ ಮಾಡುವಾಗಲೇ ಅದರ ಒಂದು ಮೈ ಹಿಗ್ಗಿ ಇನ್ನೊಂದು ಮೈ ಕುಗ್ಗುತ್ತದೆ. ಕತ್ತರಿಯ ಅಂಚಿನಲ್ಲಿ ಎಳೆಗಳು ತುಂಡಾಗಿರುತ್ತವೆ. ಶ್ವೇತಪಟಲದ ಅಂಕಿಗಳು ಇದಕ್ಕಿಂತ ಹತ್ತಿರ ಹತ್ತಿರವಿದ್ದು ಕೆಲವು ಮೆಗಾಪ್ಯಾಸ್ಕಲ್‌ಗಳ ಆಸುಪಾಸಿನಲ್ಲಿವೆ. 1988ರ ಒಂದು ಅಧ್ಯಯನದಲ್ಲಿ ಮುಂಭಾಗದ ಶ್ವೇತಪಟಲ ಸುಮಾರು 2.9, ಹಿಂಭಾಗದ್ದು ಸುಮಾರು 1.8 ಮೆಗಾಪ್ಯಾಸ್ಕಲ್ ಎಂದು ಕಂಡುಬಂತು.

ಈ ದೋಷಗಳನ್ನು ತಪ್ಪಿಸಲು ಪಟ್ಟಿ ಕತ್ತರಿಸದೆ ಕಾರ್ನಿಯಾವನ್ನೋ ಹಿಂಭಾಗದ ಚಿಪ್ಪನ್ನೋ ಪೂರ್ತಿಯಾಗಿ ಚೌಕಟ್ಟಿಗೆ ಬಿಗಿದು, ಒಳಗಿನಿಂದ ಲವಣದ್ರಾವಣ ತುಂಬಿ ಒತ್ತಡ ಏರಿಸುವ ಪದ್ಧತಿ ಬಂದಿದೆ. ಮೇಲ್ಮೈಗೆ ಸಣ್ಣ ಚುಕ್ಕೆಗಳನ್ನು ಸಿಂಪಡಿಸಿ, ಒತ್ತಡ ಏರಿದಂತೆ ಚುಕ್ಕೆಗಳು ಸರಿಯುವುದನ್ನು ಕ್ಯಾಮೆರಾಗಳಿಂದ ಹಿಡಿದು, ಗೋಡೆಯ ಯಾವ ಭಾಗ ಎಷ್ಟು ಹಿಗ್ಗಿತೆಂದು ಗಣಕಯಂತ್ರ ಲೆಕ್ಕ ಹಾಕುತ್ತದೆ.

ಜೀವಂತ ಕಣ್ಣಿನಲ್ಲಿ

2005ರಲ್ಲಿ ಡೇವಿಡ್ ಲೂಸ್ ವಿವರಿಸಿದ ಉಪಕರಣ ನಮ್ಮ ಮೊದಲ ಪರಿಚಯದ ಗಾಳಿಯಂತ್ರದ ಸುಧಾರಿತ ರೂಪ. ಸುಮಾರು 20 ಮಿಲಿಸೆಕೆಂಡುಗಳ ಗಾಳಿಯ ಹೊಡೆತಕ್ಕೆ ಕಾರ್ನಿಯಾ ಒಳಕ್ಕೆ ಹೋಗುವಾಗ ಒಮ್ಮೆ ಚಪ್ಪಟೆಯಾಗುತ್ತದೆ, ಇನ್ನೂ ತಗ್ಗಿ ಹಿಂದಿರುಗುವಾಗ ಮತ್ತೊಮ್ಮೆ ಚಪ್ಪಟೆಯಾಗುತ್ತದೆ. ಎರಡು ಗಳಿಗೆಗಳಲ್ಲಿನ ಗಾಳಿಯ ಒತ್ತಡ ಒಂದೇ ಆಗಿರುವುದಿಲ್ಲ. ಆ ವ್ಯತ್ಯಾಸವನ್ನು ಹಿಸ್ಟರಿಸಿಸ್ ಎನ್ನುತ್ತಾರೆ. ಆರೋಗ್ಯವಂತ ಕಣ್ಣಿನಲ್ಲಿ ಅದು ಸುಮಾರು 10ರಿಂದ 11 ಮಿ.ಮೀ. ಪಾದರಸ. ಹಲವು ಬರಹಗಳಲ್ಲಿ ಇದನ್ನೇ ಪೆಡಸುತನವೆಂದು ಹೇಳಿರುವುದು ಸರಿಯಲ್ಲ. ಇದು ಆಘಾತವನ್ನು ನುಂಗಿಕೊಳ್ಳುವ ಗುಣ. ಸ್ಕೂಟರಿನಲ್ಲಿ ಸ್ಪ್ರಿಂಗೂ ಇದೆ, ಶಾಕ್ ಅಬ್ಸಾರ್ಬರೂ ಇದೆ. ಹಿಸ್ಟರಿಸಿಸ್ ಎರಡನೆಯದಕ್ಕೆ ಸಂಬಂಧಿಸಿದ್ದು. ಇದು ಕಡಿಮೆಯಿರುವವರಲ್ಲಿ ಗ್ಲಾಕೋಮಾ ಬೇಗ ಉಲ್ಬಣಿಸುತ್ತದೆಂದು 2006ರಿಂದೀಚೆಗೆ ಒಂದಕ್ಕಿಂತ ಹೆಚ್ಚು ಅಧ್ಯಯನಗಳು ಹೇಳಿವೆ.

ಜರ್ಮನಿಯ ಕಾರ್ವಿಸ್ ಎಂಬ ಯಂತ್ರ ಅದೇ ಗಾಳಿಯ ಹೊಡೆತವನ್ನು ಸೆಕೆಂಡಿಗೆ 4,330 ಚಿತ್ರಗಳ ವೇಗದಲ್ಲಿ ಸೆರೆಹಿಡಿಯುತ್ತದೆ. ಒಂದು ಹೊಡೆತಕ್ಕೆ 140 ಚಿತ್ರಗಳು. ಕಾರ್ನಿಯಾ ಎಷ್ಟು ತಗ್ಗಿತು, ಯಾವ ವೇಗದಲ್ಲಿ, ಯಾವ ಆಕಾರದಲ್ಲಿ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಇಂಥ ದತ್ತಾಂಶದ ಮೇಲೆ ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರೂ ಪ್ರಬಂಧಗಳನ್ನು ಪ್ರಕಟಿಸಿದ್ದಾರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. 2019ರಲ್ಲಿ ಲಿವರ್‌ಪೂಲಿನ ತಂಡವೊಂದು ದಪ್ಪ ಮತ್ತು ಒತ್ತಡಗಳ ಪ್ರಭಾವವನ್ನು ಕಳೆದು ವಸ್ತುವಿನ ಪೆಡಸುತನವನ್ನಷ್ಟೇ ಹೇಳುವ ಸೂಚ್ಯಂಕವನ್ನು ಈ ಚಿತ್ರಗಳಿಂದ ರೂಪಿಸಿತು. ಇದು ಗಣಕದ ಮಾದರಿಯ ಮೇಲೆ ನಿಂತಿರುವ ಅಂದಾಜು ಎಂಬುದನ್ನು ಮಾತ್ರ ಮರೆಯಬಾರದು.

ಮುಟ್ಟದೆ, ಗಾಳಿಯನ್ನೂ ಊದದೆ, ಬೆಳಕಿನಿಂದಲೇ ಅಳೆಯುವ ದಾರಿ ಬ್ರಿಲ್ವಾಂ ಸೂಕ್ಷ್ಮದರ್ಶನ. ಯಾವ ವಸ್ತುವಿನಲ್ಲಿಯೂ ಉಷ್ಣದ ಕಾರಣ ಅತಿ ಸೂಕ್ಷ್ಮವಾದ ಶಬ್ದದ ಅಲೆಗಳು ಸದಾ ಓಡಾಡುತ್ತಿರುತ್ತವೆ. ಅವುಗಳಿಗೆ ತಗಲಿ ಚದುರುವ ಬೆಳಕಿನ ಕಂಪನಸಂಖ್ಯೆ ತುಸು ಬದಲಾಗುತ್ತದೆ. ವಸ್ತು ಪೆಡಸಾದಷ್ಟೂ ಶಬ್ದದ ವೇಗ ಹೆಚ್ಚು, ಬದಲಾವಣೆಯೂ ಹೆಚ್ಚು. ಫ್ರಾನ್ಸಿನ ಲಿಯೋ ಬ್ರಿಲ್ವಾಂ 1922ರಲ್ಲಿ ಈ ವಿದ್ಯಮಾನವನ್ನು ಊಹಿಸಿದ್ದರು. ಬೆಳಕು ಮತ್ತು ಶಬ್ದದ ಅಲೆಗಳ ಈ ಸಂಬಂಧದ ಪ್ರಸ್ತಾಪ ಬಂದಾಗ, 1935-36ರಲ್ಲಿ ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್ ಅವರು ಶ್ರವಣಾತೀತ ಶಬ್ದದ ಅಲೆಗಳಿಂದ ಬೆಳಕು ಬಾಗುವ ಬಗೆಯನ್ನು ವಿವರಿಸಿ ಪ್ರಕಟಿಸಿದ ಸಿದ್ಧಾಂತವನ್ನು ನೆನೆಯದಿರಲಾಗದು. ಅದು ಇಂದಿಗೂ ರಾಮನ್-ನಾಥ್ ಸಿದ್ಧಾಂತವೆಂದೇ ಪಠ್ಯಗಳಲ್ಲಿದೆ. ಅಮೆರಿಕದ ಸ್ಕಾರ್ಚೆಲ್ಲಿ ಮತ್ತು ಯುನ್ 2008ರಲ್ಲಿ ಈ ತತ್ತ್ವವನ್ನು ಕಣ್ಣಿನ ಅಂಗಾಂಶಕ್ಕೆ ಅನ್ವಯಿಸಿದರು; 2012ರಲ್ಲಿ ಜೀವಂತ ಮನುಷ್ಯನ ಕಣ್ಣಿನ ಅಳತೆ ಪ್ರಕಟವಾಯಿತು. ಕಾರ್ನಿಯಾದ ಯಾವ ಮೂಲೆ ಮೆತುವಾಗಿದೆ ಎಂಬ ನಕ್ಷೆಯನ್ನೇ ಇದು ಕೊಡಬಲ್ಲುದು. ಆದರೆ ಇದು ಕೊಡುವ ಗುಣಾಂಕ ಪಟ್ಟಿಯನ್ನು ಎಳೆದಾಗ ಸಿಗುವ ಗುಣಾಂಕವಲ್ಲ, ಅದಕ್ಕಿಂತ ಬಹುಪಾಲು ದೊಡ್ಡದು; ಅಂಗಾಂಶದ ನೀರಿನ ಪ್ರಮಾಣವೂ ಅದರಲ್ಲಿ ಬೆರೆತಿರುತ್ತದೆ.

ಇವೆಲ್ಲವೂ ಮುಖ್ಯವಾಗಿ ಕಾರ್ನಿಯಾವನ್ನು ನೋಡುವಂಥವು. ಹಿಂದಿನ ಶ್ವೇತಪಟಲ ಕೈಗೆ, ಗಾಳಿಗೆ ನಿಲುಕದು. ಕೆನಡಾದ ಮಾಂಟ್ರಿಯಲ್ ನಗರದ ಕೊಸ್ಟಾಂಟಿನೊ ಮತ್ತು ಲೆಸ್ಕ್ ಅವರ ತಂಡ 2015ರಲ್ಲಿ ಇದಕ್ಕೆ ಹೃದಯದ ಬಡಿತವನ್ನೇ ಉಪಕರಣ ಮಾಡಿಕೊಂಡಿತು. ಪ್ರತಿ ಬಡಿತಕ್ಕೂ ಕಣ್ಣಿನ ಒಳಪದರಕ್ಕೆ ತುಸು ರಕ್ತ ನುಗ್ಗಿ ಒತ್ತಡ ಎರಡು ಮೂರು ಮಿ.ಮೀ. ಪಾದರಸದಷ್ಟು ಏರಿಳಿಯುತ್ತದೆ. ಪದರ ಎಷ್ಟು ದಪ್ಪವಾಯಿತೆಂಬುದನ್ನು ಓಸಿಟಿ ಯಂತ್ರದ ಚಲಚ್ಚಿತ್ರದಿಂದ ಅಳೆದರೆ ಸೇರಿದ ರಕ್ತದ ಗಾತ್ರ ಸಿಗುತ್ತದೆ. ಒತ್ತಡದ ಏರಿಕೆಯನ್ನು ಬೇರೊಂದು ಉಪಕರಣ ಕೊಡುತ್ತದೆ. ಆಗ ಫ್ರೀಡೆನ್‌ವಾಲ್ಡರ ಹಳೆಯ ಸೂತ್ರಕ್ಕೇ ಎರಡೂ ಅಂಕಿಗಳನ್ನು ಹಾಕಿ, ಸೂಜಿ ಚುಚ್ಚದೆ ಬಿಗುಪನ್ನು ಪಡೆಯಬಹುದು. ಬಹಳ ಸೊಗಸಾದ ಉಪಾಯವೆಂದು ನಮಗನಿಸುತ್ತದೆ.

ಅಳತೆಯಿಂದ ಯಾರಿಗೇನು?

ಕೆರಟೋಕೋನಸ್ ಎಂಬ ರೋಗದಲ್ಲಿ ಕಾರ್ನಿಯಾದ ಒಂದು ಭಾಗ ಮೆತುವಾಗಿ ತೆಳ್ಳಗಾಗಿ ಶಂಖುವಿನಂತೆ ಮುಂದಕ್ಕೆ ಚಾಚುತ್ತದೆ. ಹದಿಹರೆಯದಲ್ಲಿ ಆರಂಭವಾಗಿ ಕನ್ನಡಕದ ಸಂಖ್ಯೆ ಪದೇ ಪದೇ ಬದಲಾಗುವಂತೆ ಮಾಡುತ್ತದೆ. ಅಲರ್ಜಿಯಿಂದ ಕಣ್ಣುಜ್ಜುವ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ನಾಗಪುರದ ಬಳಿಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಸಮೀಕ್ಷೆ, ಕಾರ್ನಿಯಾದ ವಕ್ರತೆಯನ್ನೇ ಲಕ್ಷಣವಾಗಿಟ್ಟುಕೊಂಡು, ಮೂವತ್ತು ದಾಟಿದವರಲ್ಲಿ ಶೇಕಡಾ 2.3 ಮಂದಿಗೆ ಇದಿದೆ ಎಂದಿತು. ಪಾಶ್ಚಾತ್ಯ ದೇಶಗಳ ಹಳೆಯ ಅಂಕಿಗಳಿಗೆ ಹೋಲಿಸಿದರೆ ಇದು ಬಹಳ ಹೆಚ್ಚು.

ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಸೈಲರ್, ಸ್ಪೋರ್ಲ್, ವೊಲೆನ್ಸಾಕ್ ರೂಪಿಸಿದ ಚಿಕಿತ್ಸೆಯಲ್ಲಿ ಬಿ-2 ಜೀವಸತ್ವದ ಹನಿಗಳನ್ನು ಕಾರ್ನಿಯಾಕ್ಕೆ ಇಂಗಿಸಿ, 30 ನಿಮಿಷ ಅತಿನೇರಳೆ ಬೆಳಕು ಬಿಡುತ್ತಾರೆ. ಕೊಲಾಜೆನ್ ಎಳೆಗಳ ನಡುವೆ ಹೊಸ ಅಡ್ಡಕಟ್ಟುಗಳು ಉಂಟಾಗಿ ಗೋಡೆ ಬಿಗಿಯಾಗುತ್ತದೆ. 2003ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳಲ್ಲಿ ಮಾನವ ಕಾರ್ನಿಯಾದ ಪಟ್ಟಿಗಳ ಯಂಗ್ ಗುಣಾಂಕ ನಾಲ್ಕೂವರೆ ಪಟ್ಟು ಏರಿತ್ತು. ವಿಚಿತ್ರವೆಂದರೆ, ಇದೇ ಚಿಕಿತ್ಸೆ ಪಡೆದ ರೋಗಿಗಳನ್ನು ಗಾಳಿಯಂತ್ರದ ಮುಂದೆ ಕೂರಿಸಿದಾಗ ಹಿಸ್ಟರಿಸಿಸ್‌ನಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ರೋಗ ನಿಂತದ್ದು ಮಾತ್ರ ನಿಜ, ಯಂತ್ರಕ್ಕೆ ಅದು ಕಾಣಲಿಲ್ಲ. ಚಿಕಿತ್ಸೆಯ ಫಲವನ್ನು ಇಂದಿಗೂ ಮುಖ್ಯವಾಗಿ ಕಾರ್ನಿಯಾದ ಆಕಾರದ ನಕ್ಷೆಯಿಂದಲೇ ನಿರ್ಧರಿಸುವುದು ಇದಕ್ಕಾಗಿ.

ಲೇಸಿಕ್ ಚಿಕಿತ್ಸೆಗೆ ಬಂದರೆ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬರುತ್ತದೆ. 540 ಮೈಕ್ರೋಮೀಟರ್ ದಪ್ಪದ ಕಾರ್ನಿಯಾದಲ್ಲಿ ಮೇಲಿನ ಮುಚ್ಚಳಕ್ಕೆ 110 ಹೋಯಿತೆನ್ನಿ, ಐದು ಸಂಖ್ಯೆಯ ಸಮೀಪದೃಷ್ಟಿ ತೆಗೆಯಲು ಸುಮಾರು 70 ಹೋಯಿತೆನ್ನಿ, ಉಳಿಯುವುದು 360. ಕನಿಷ್ಠ 250 ಉಳಿಯಬೇಕೆಂಬುದು ಬಹುಕಾಲದ ನಿಯಮ, ಈಗ ಹಲವರು 300 ಬೇಕೆನ್ನುತ್ತಾರೆ. ಲೆಕ್ಕ ಸರಿಯೇ. ಆದರೆ ದಪ್ಪ ಸಾಕಷ್ಟಿದ್ದೂ ಒಳಗಿನ ಹೆಣಿಗೆ ಸಡಿಲವಿದ್ದರೆ, ಚಿಕಿತ್ಸೆಯ ನಂತರ ಕಾರ್ನಿಯಾ ಉಬ್ಬತೊಡಗಬಹುದು. 1998ರಲ್ಲಿಯೇ ಸೈಲರ್ ಇಂಥ ಪ್ರಕರಣಗಳನ್ನು ವರದಿ ಮಾಡಿದ್ದರು. ನಮ್ಮ ಬಂಧುಗಳೊಬ್ಬರ ಮಗಳಿಗೆ ಒಂದು ಆಸ್ಪತ್ರೆಯಲ್ಲಿ ದಪ್ಪವನ್ನಷ್ಟೇ ನೋಡಿ ಮುಂದಿನ ಶನಿವಾರಕ್ಕೆ ದಿನ ಕೊಟ್ಟರು. ಇನ್ನೊಂದು ಕಡೆ ನಕ್ಷೆಯನ್ನೂ ಕಾರ್ವಿಸ್ ಪರೀಕ್ಷೆಯನ್ನೂ ಕೂಡಿಸಿ ನೋಡಿದ ವೈದ್ಯರು ಬೇಡವೆಂದರು. ಆಕೆ ಕನ್ನಡಕದಲ್ಲಿಯೇ ಇದ್ದಾಳೆ, ಚೆನ್ನಾಗಿದ್ದಾಳೆ. ಆಕಾರ ಮತ್ತು ಪ್ರತಿಕ್ರಿಯೆ ಎರಡನ್ನೂ ಸೇರಿಸಿದ ಸೂಚ್ಯಂಕಗಳು 2017ರಿಂದ ಬಳಕೆಗೆ ಬಂದಿವೆ. ಚಿಕಿತ್ಸೆಗೆ ಮುನ್ನ ಅವುಗಳ ವಿಚಾರ ಕೇಳುವುದರಲ್ಲಿ ಸಂಕೋಚ ಬೇಡ.

ಗ್ಲಾಕೋಮಾದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ನರತಂತುಗಳು ಕಣ್ಣಿನ ಹಿಂಗೋಡೆಯ ರಂಧ್ರದಲ್ಲಿ ಜರಡಿಯಂಥ ಪದರದ ಮೂಲಕ ಹೊರಬೀಳುವಲ್ಲಿ ನಲುಗುತ್ತವೆ. ಒತ್ತಡ ಏರಿದಾಗ ಆ ಜರಡಿ ಎಷ್ಟು ಹಿಗ್ಗುತ್ತದೆಂಬುದನ್ನು ನಿರ್ಧರಿಸುವ ಅಂಶಗಳಲ್ಲಿ ಸುತ್ತಲಿನ ಶ್ವೇತಪಟಲದ ಪೆಡಸುತನವೇ ಮೊದಲನೆಯದೆಂದು ಟೊರಾಂಟೊ ನಗರದ ಸಿಗಾಲ್, ಫ್ಲನಗನ್, ಎತಿಯರ್ 2005ರಲ್ಲಿ ಗಣಕದ ಮಾದರಿಯಿಂದ ತೋರಿಸಿದರು. ಹಾಗಾದರೆ ಪೆಡಸು ಗೋಡೆ ಒಳ್ಳೆಯದೋ ಕೆಟ್ಟದ್ದೋ? ಮಾಂಟ್ರಿಯಲ್ ತಂಡದ 2020ರ ಅಳತೆಗಳಲ್ಲಿ ಬಿಗುಪು ಕಡಿಮೆಯಿದ್ದ ಕಣ್ಣುಗಳಲ್ಲೇ ನರದ ಹಾನಿ ಹೆಚ್ಚಿತ್ತು. ಆದರೆ ವಯಸ್ಸಿನೊಡನೆ ಗೋಡೆ ಪೆಡಸಾಗುತ್ತದೆ, ಗ್ಲಾಕೋಮಾ ಕೂಡ ವಯಸ್ಸಿನೊಡನೆಯೇ ಹೆಚ್ಚುತ್ತದೆ. ಮೆತು ಗೋಡೆ ರೋಗಕ್ಕೆ ಕಾರಣವೋ, ರೋಗದ ಪರಿಣಾಮವೋ ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ದೇಶದಲ್ಲಿ ನಲವತ್ತು ದಾಟಿದ ಸುಮಾರು 1.1 ಕೋಟಿ ಜನರಿಗೆ ಗ್ಲಾಕೋಮಾ ಇದೆಯೆಂಬ 2010ರ ಅಂದಾಜನ್ನು ಗಮನಿಸಿದರೆ ಇದು ಪಂಡಿತರ ವಾದ ಮಾತ್ರವಲ್ಲ.

ಮಕ್ಕಳ ಸಮೀಪದೃಷ್ಟಿಯಲ್ಲಿ ಕಣ್ಣು ಉದ್ದವಾಗುವುದು ಹಿಂಭಾಗದ ಶ್ವೇತಪಟಲ ತೆಳುವಾಗಿ ಹಿಗ್ಗುವುದರಿಂದ. 2050ರ ಹೊತ್ತಿಗೆ ಜಗತ್ತಿನ ಅರ್ಧದಷ್ಟು ಜನರಿಗೆ ಸಮೀಪದೃಷ್ಟಿ ಇರಬಹುದೆಂದು 2016ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಕಾರ್ನಿಯಾವನ್ನು ಬಿಗಿಗೊಳಿಸಿದಂತೆ ಶ್ವೇತಪಟಲವನ್ನೂ ಬಿಗಿಗೊಳಿಸಿ ಇದನ್ನು ತಡೆಯುವ ಪ್ರಯತ್ನಗಳು ಪ್ರಾಣಿಗಳ ಮೇಲೆ ನಡೆದಿವೆ. ಮಕ್ಕಳಿಗೆ ಅದು ನಿತ್ಯದ ಚಿಕಿತ್ಸೆಯಾಗಿಲ್ಲ.

ಈ ಜ್ಞಾನದ ಬಹುಪಾಲು ದಾನದ ಕಣ್ಣುಗಳಿಂದ ಬಂದದ್ದು. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಅವರ ಮಗ ಪುನೀತ್ ಕಣ್ಣುಗಳನ್ನು ದಾನ ಮಾಡಿದ ಮೇಲೆ ಕನ್ನಡ ನಾಡಿನಲ್ಲಿ ಈ ಕುರಿತ ಅರಿವು ಹೆಚ್ಚಿದೆ. ಪುನೀತರ ಎರಡು ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಕಸಿಗೆ ಯೋಗ್ಯವಲ್ಲವೆಂದು ಕಂಡ ಕಣ್ಣುಗಳು ಒಪ್ಪಿಗೆಯಿದ್ದಲ್ಲಿ ಸಂಶೋಧನೆಗೆ ಹೋಗುತ್ತವೆ. ಮರಣದ ನಂತರ ಸುಮಾರು ಆರು ಗಂಟೆಗಳೊಳಗೆ ಕಣ್ಣನ್ನು ತೆಗೆಯಬೇಕಾದುದರಿಂದ ಮನೆಯವರು ನೇತ್ರನಿಧಿಗೆ ತಡಮಾಡದೆ ತಿಳಿಸಬೇಕಾಗುತ್ತದೆ.

ಕಡತಗಳ ನಡುವೆ ಬದುಕಿದವರಾದ್ದರಿಂದ ಇನ್ನೊಂದು ವಿಷಯ ಹೇಳದಿರಲಾರೆವು. ಲೇಸಿಕ್ ಮಾಡಿಸಿಕೊಂಡ ಕಾರ್ನಿಯಾ ತೆಳುವಾಗಿ ಮೆತುವಾಗಿರುವುದರಿಂದ ಮುಂದೆ ಸಾಮಾನ್ಯ ಯಂತ್ರಗಳಲ್ಲಿ ಅಳೆದಾಗ ಕಣ್ಣಿನ ಒತ್ತಡ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಗ್ಲಾಕೋಮಾ ಬಂದರೂ ಸಂಖ್ಯೆ ಸಹಜವೆಂದೇ ತೋರಬಹುದು. ಇಪ್ಪತ್ತು ವರ್ಷಗಳ ನಂತರ ಬೇರೆ ಊರಿನಲ್ಲಿ ಬೇರೆ ವೈದ್ಯರ ಮುಂದೆ ಕುಳಿತಾಗ, ಚಿಕಿತ್ಸೆಗೆ ಮುಂಚಿನ ಕಾರ್ನಿಯಾದ ದಪ್ಪ, ಒತ್ತಡ ಮತ್ತು ನಕ್ಷೆಯ ಪ್ರತಿಗಳು ಕೈಯಲ್ಲಿದ್ದರೆ ಮಾತ್ರ ಅವರಿಗೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ. ಆಸ್ಪತ್ರೆಗಳು ಹಳೆಯ ದಾಖಲೆಗಳನ್ನು ಎಷ್ಟು ಕಾಲ ಇಡುತ್ತವೆ ಎಂಬುದನ್ನು ನಂಬಿ ಕೂರದೆ ಆ ಕಾಗದಗಳನ್ನು ಮನೆಯಲ್ಲಿಯೇ, ವಿಮಾ ಪತ್ರಗಳ ಜೊತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.